ಬೆವರು ಮುತ್ತಲ್ಲ: ಬಿಸಿಲಿನ ದುಡಿಮೆ ಮತ್ತು ನಮ್ಮ ಕಾವ್ಯ

ಕೆಲವು ವರ್ಷಗಳ ಹಿಂದೆ ನಮ್ಮ ಸಂಘವು ಯುಗಾದಿಯ ನಿಮಿತ್ತ ಏರ್ಪಡಿಸಿದ್ದ ಕವನ ಸ್ಪರ್ಧೆಗೆ ಮೂವರು ತೀರ್ಪುಗಾರರಿದ್ದೆವು. ಅವರಲ್ಲಿ ನಾನೂ ಒಬ್ಬ. ಕೊಟ್ಟ ವಿಷಯ ‘ದುಡಿಯುವ ಕೈ’. ಬಂದ ಕವಿತೆಗಳಲ್ಲಿ ಹೆಚ್ಚಿನವು ಒಂದೇ ದಾರಿಯಲ್ಲಿ ನಡೆದಿದ್ದವು. ಮೇಲೆ ಸೂರ್ಯ ಉರಿಯುತ್ತಾನೆ. ಕೆಳಗೆ ರೈತನೋ ಕೂಲಿಕಾರನೋ ದುಡಿಯುತ್ತಾನೆ. ಅವನ ಹಣೆಯ ಬೆವರು ಮುತ್ತಾಗಿ ಉದುರುತ್ತದೆ. ಆ ಮುತ್ತನ್ನು ತೊಟ್ಟು ಭೂತಾಯಿ ಸಿಂಗಾರಗೊಳ್ಳುತ್ತಾಳೆ. ಇವುಗಳಲ್ಲಿ ಪ್ರಾಸವೂ ಲಯವೂ ಹದವಾಗಿ ಕೂಡಿಬಂದ ಒಂದಕ್ಕೆ ಮೊದಲ ಬಹುಮಾನ ಕೊಟ್ಟೆವು.

ಎರಡನೆಯ ಬಹುಮಾನ ಜತ್ತ ಕಡೆಯ ಒಬ್ಬ ಶಾಲಾ ಬಾಲಕಿಗೆ ಹೋಯಿತು. ಅವಳ ತಾಯಿ ದ್ರಾಕ್ಷಿ ತೋಟದ ಏಪ್ರಿಲ್ ಚಾಟಣಿಯ ಕೂಲಿಗೆ ಹೋಗುತ್ತಾಳೆ. ನೀರಿನ ಬಾಟಲಿಗೆ ಒದ್ದೆ ಗೋಣಿಯ ತುಂಡು ಸುತ್ತಿ ಕಲ್ಲುಕಂಬಕ್ಕೆ ಕಟ್ಟುತ್ತಾಳೆ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನಾಲ್ಕು ಬೆರಳಿನಷ್ಟು ನೀರು ಉಳಿದಿರುತ್ತದೆ. ಅದನ್ನು ಮರಳುವ ದಾರಿಗೆಂದು ತಾಯಿ ಕುಡಿಯದೆ ಇಡುತ್ತಾಳೆ. ಕವಿತೆಯಲ್ಲಿ ಇದ್ದದ್ದು ಇಷ್ಟೇ. ಉಪಮೆಯಿಲ್ಲ, ಭೂತಾಯಿಯಿಲ್ಲ, ಮುತ್ತಿಲ್ಲ. ‘ಇದು ವರದಿಯ ಹಾಗಿದೆ, ಕಾವ್ಯಾಂಶ ಕಡಿಮೆ’ ಎಂದು ನಾವು ಮೂವರೂ ಒಪ್ಪಿದೆವು. ತೀರ್ಪಿನ ಕಾಗದಕ್ಕೆ ನಾನೂ ಸಹಿ ಮಾಡಿದೆ.

ಆ ಸಹಿ ನನ್ನನ್ನು ಬಹಳ ದಿನ ಚುಚ್ಚಿದೆ. ನಾವು ತಪ್ಪಿದ್ದು ಒಂದು ಬಹುಮಾನದ ಲೆಕ್ಕದಲ್ಲಿ ಮಾತ್ರವಲ್ಲ. ಬಿಸಿಲಿನಲ್ಲಿ ದುಡಿಯುವ ಮೈಯನ್ನು ಕುರಿತು ಕನ್ನಡ ಕಾವ್ಯವು ಹೇಗೆ ಮಾತನಾಡಬೇಕು ಎಂಬ ವಿಷಯದಲ್ಲಿ ನಮ್ಮ ಅಭಿರುಚಿಯೇ ತಪ್ಪು ದಾರಿ ಹಿಡಿದಿತ್ತು. ಆ ದಾರಿ ಎಲ್ಲಿಂದ ಬಂತು, ಅದಕ್ಕೆ ಎದುರಾಗಿ ನಮ್ಮ ಪರಂಪರೆಯಲ್ಲಿಯೇ ಬೇರೆ ದಾರಿಗಳಿವೆಯೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಬದುಕುವ ನಮಗೆ ಇದು ದೂರದ ಪ್ರಶ್ನೆಯಲ್ಲ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು ೪೦ ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಈ ಸಂಪುಟವನ್ನು ಓದುವ ಅನೇಕ ಮನೆಗಳಲ್ಲಿ ಅಪ್ಪನೋ ಅವ್ವನೋ ಅಣ್ಣನೋ ಆ ಬಿಸಿಲಿನಲ್ಲಿ ನಿಂತು ದುಡಿದವರಿದ್ದಾರೆ, ಇಂದಿಗೂ ದುಡಿಯುತ್ತಿರುವವರಿದ್ದಾರೆ.

ಮೊದಲು ಹಳೆಯ ಕಾವ್ಯದ ಬೇಸಿಗೆಯನ್ನು ನೋಡೋಣ. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳಿರಬೇಕೆಂಬ ಕಟ್ಟಳೆಯಲ್ಲಿ ಋತುವರ್ಣನೆಯೂ ಒಂದು. ಸಂಸ್ಕೃತದಲ್ಲಿ ಕಾಳಿದಾಸನ ‘ಋತುಸಂಹಾರ’ ಆರಂಭವಾಗುವುದೇ ಗ್ರೀಷ್ಮದಿಂದ. ಅಲ್ಲಿಂದ ಬೆಳೆದು ಬಂದ ಬೇಸಿಗೆಯ ಚಿತ್ರದಲ್ಲಿ ಶ್ರೀಗಂಧದ ಲೇಪವುಂಟು, ಬೆಳದಿಂಗಳ ಮಾಳಿಗೆಯುಂಟು, ಕೊಳಕ್ಕಿಳಿಯುವ ಆನೆಯುಂಟು, ನೀರಿಲ್ಲದೆ ಬಳಲುವ ಮೃಗಗಳುಂಟು. ಪ್ರಾಣಿಗಳ ಬಾಯಾರಿಕೆಯನ್ನು ಕೂಡ ಕಂಡ ಕವಿಯ ಕಣ್ಣು ಸೂಕ್ಷ್ಮವಾದದ್ದೇ. ಆದರೆ ಆ ಬಿಸಿಲಿನಲ್ಲಿ ಮಣ್ಣು ಅಗೆಯುವವನೂ ಕಲ್ಲು ಒಡೆಯುವವಳೂ ಆ ಚಿತ್ರದೊಳಗೆ ಅಪರೂಪ. ಬೇಸಿಗೆಯ ತಾಪವನ್ನು ಅನುಭವಿಸುವ ಅಧಿಕಾರ ಹೆಚ್ಚಾಗಿ ಪ್ರೇಮಿಗಳದು, ದಾರಿಗರದು, ಅರಸರದು.

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ನೆನೆಯಿರಿ. ರಾಜ್ಯವನ್ನು ಕಳೆದುಕೊಂಡ ಅರಸನು ಮಡದಿ ಮಗನೊಡನೆ ಕಾಶಿಗೆ ಕಾಲ್ನಡಿಗೆಯಲ್ಲಿ ಹೋಗುವ ಭಾಗವನ್ನು ಓದುವಾಗ ಕಣ್ಣು ತೇವವಾಗದವರು ವಿರಳ. ಅಲ್ಲಿ ನಮ್ಮನ್ನು ಕಾಡುವುದು ಅರಮನೆಯ ನೆಲದ ಮೇಲೆ ನಡೆದ ಪಾದ ಕಾಡುದಾರಿಯಲ್ಲಿ ನಡೆಯಬೇಕಾಯಿತಲ್ಲ ಎಂಬ ಸಂಕಟ. ಹುಟ್ಟಿದಂದಿನಿಂದ ಬಿಸಿ ನೆಲದ ಮೇಲೆಯೇ ನಡೆದ ಪಾದಕ್ಕೆ ಇಂಥ ಕಥೆ ಸಿಗುವುದಿಲ್ಲ. ಅದರ ನೋವಿನಲ್ಲಿ ಬೀಳು-ಏಳುಗಳಿಲ್ಲ, ಆದ್ದರಿಂದ ಅದು ಕಾವ್ಯದ ಕಣ್ಣಿಗೆ ಬೀಳುವುದಿಲ್ಲ. ಇದನ್ನು ರಾಘವಾಂಕನ ದೋಷವೆಂದು ನಾನು ಹೇಳುತ್ತಿಲ್ಲ. ನಮ್ಮ ಕರುಣೆಯು ಯಾವ ಮೈಯ ಕಡೆಗೆ ಹರಿಯಲು ಅಭ್ಯಾಸಗೊಂಡಿದೆ ಎಂಬುದನ್ನು ಓದುಗರಾಗಿ ನಾವು ಗಮನಿಸಬೇಕು.

ಇನ್ನೊಂದು ಅಭ್ಯಾಸ ಭಾಷೆಯೊಳಗೇ ಇದೆ. ತಾಪ ಮತ್ತು ತಪಸ್ಸು ಒಂದೇ ಧಾತುವಿನಿಂದ ಹುಟ್ಟಿದ ಮಾತುಗಳು. ಸುತ್ತ ನಾಲ್ಕು ಬೆಂಕಿಗಳನ್ನು ಹೊತ್ತಿಸಿ, ಮೇಲಿನ ಸೂರ್ಯನನ್ನು ಐದನೆಯ ಬೆಂಕಿಯೆಂದು ಎಣಿಸಿ ಕೂರುವುದು ಪಂಚಾಗ್ನಿ ತಪಸ್ಸು. ಆದ್ದರಿಂದ ಬಿಸಿಲಿನಲ್ಲಿ ದುಡಿಯುವವನನ್ನು ತಪಸ್ವಿ ಎಂದು ಕರೆಯುವುದು ಕವಿಗೆ ಬಹಳ ಸುಲಭ. ಕುವೆಂಪು ಅವರ ‘ನೇಗಿಲಯೋಗಿ’ ಈ ದಾರಿಯ ಅತ್ಯಂತ ಸತ್ತ್ವಶಾಲಿಯಾದ ಕವಿತೆ. ಉಳುವವನನ್ನು ಕೀಳಾಗಿ ಕಂಡ ಸಮಾಜದಲ್ಲಿ ಅವನನ್ನು ಯೋಗಿಯ ಎತ್ತರಕ್ಕೆ ಏರಿಸಿದ್ದು ಒಂದು ದೊಡ್ಡ ಕೆಲಸ. ಇಂದು ಅದು ರೈತಗೀತೆಯಾಗಿ ನಾಡಿನ ಕಂಠದಲ್ಲಿ ನಿಂತಿರುವುದು ಯೋಗ್ಯವೇ ಆಗಿದೆ. ತೊಡಕು ಇರುವುದು ಆ ಕವಿತೆಯಲ್ಲಲ್ಲ, ಅದನ್ನು ಅನುಕರಿಸಿದ ನೂರಾರು ಕವಿತೆಗಳಲ್ಲಿ. ಯೋಗಿಗೆ ನೆರಳು ಬೇಡ, ನೀರು ಬೇಡ, ವಿಶ್ರಾಂತಿ ಬೇಡ. ಪಂಚಾಗ್ನಿಯ ನಡುವೆ ಕೂತವನು ತಾನಾಗಿ ಕೂತಿದ್ದಾನೆ, ಎದ್ದು ಹೋಗಬೇಕೆನಿಸಿದರೆ ಎದ್ದು ಹೋಗಬಲ್ಲ. ಅಳತೆಯ ಲೆಕ್ಕದಲ್ಲಿ ಕೂಲಿ ಪಡೆಯುವವನು ಹಾಗೆ ಏಳಲಾರ. ಎದ್ದರೆ ಅಂದಿನ ಗುಂಡಿ ಅಳತೆಗೆ ಬರುವುದಿಲ್ಲ, ಸಂಜೆಯ ಹಿಟ್ಟಿಗೆ ಹಣ ಸಾಲುವುದಿಲ್ಲ. ಅವನನ್ನು ತಪಸ್ವಿ ಎಂದ ಕ್ಷಣವೇ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಹಾಗಾದರೆ ಬೇರೆ ದಾರಿ ಯಾವುದು? ಅದನ್ನು ಹುಡುಕುತ್ತ ನಾವು ದೂರ ಹೋಗಬೇಕಾಗಿಲ್ಲ. ಅದು ನಮ್ಮ ಸೊನ್ನಲಿಗೆಯಲ್ಲಿಯೇ ಇದೆ.

ಅದೇ ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗ ಹೊಲ ಕಾಯುತ್ತಿರುವಾಗ ಒಬ್ಬ ಜಂಗಮ ಬರುತ್ತಾನೆ. ಬಂದವನು ನವಣೆಯ ತೆನೆ ತಿಂದು, ಒಡಲಿನ ಉರಿ ತಣಿಯಲು ಮಜ್ಜಿಗೆಯ ಉಣಿಸು ಬೇಡುತ್ತಾನೆ. ಹುಡುಗ ಮನೆಗೆ ಓಡುತ್ತಾನೆ. ತರುವಷ್ಟರಲ್ಲಿ ಅತಿಥಿ ಇಲ್ಲ. ‘ಮಲ್ಲಯ್ಯಾ’ ಎಂದು ಕರೆಯುತ್ತ ಅಳುತ್ತ ಶ್ರೀಶೈಲದವರೆಗೆ ನಡೆಯುವ ಆ ಬಾಲಕನ ಕಥೆ ನಮ್ಮ ಮನೆಮನೆಗೂ ಗೊತ್ತು. ಭಕ್ತಿಯ ಕಥೆಯಾಗಿ ಇದನ್ನು ಎಲ್ಲರೂ ಓದಿದ್ದೇವೆ. ಹೊಲದ ಕಥೆಯಾಗಿ ಒಮ್ಮೆ ಓದಿ ನೋಡಬೇಕು. ಹೊಲದಲ್ಲಿ ನಿಂತ ಒಬ್ಬನಿಗೆ ಒಡಲುರಿ. ಇನ್ನೊಬ್ಬನಿಗೆ ಅದಕ್ಕೆ ಮದ್ದು ಗೊತ್ತು, ಅದು ಮನೆಯ ಗಡಿಗೆಯಲ್ಲಿದೆ. ದೇವರು ಬಾಲಕನಲ್ಲಿ ಮೊದಲು ಬಯಸಿದ್ದು ಸ್ತೋತ್ರವಲ್ಲ, ಹೊಲದಲ್ಲಿ ಬೆಳೆದದ್ದು ಮತ್ತು ಗಡಿಗೆಯ ತಂಪು. ಉರಿಯನ್ನು ಇಲ್ಲಿ ಯಾರೂ ತಪಸ್ಸೆಂದು ಹೊಗಳುವುದಿಲ್ಲ. ಉರಿ ಎಂದರೆ ತಣಿಸಬೇಕಾದದ್ದು, ಓಡಿಹೋಗಿ ತಣಿಸಬೇಕಾದದ್ದು. ಆ ಓಟ ಒಂದು ಘಳಿಗೆ ತಡವಾದದ್ದಕ್ಕೆ ಹುಡುಗ ಅಷ್ಟು ದೂರ ಅಳುತ್ತ ನಡೆದ. ಶ್ರಮದ ಕಾವ್ಯಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಾಣುವುದಿಲ್ಲ.

ಅದೇ ಹುಡುಗ ಬೆಳೆದು ಕೆರೆ ಕಟ್ಟಿಸಿದ. ಸೊಲ್ಲಾಪುರದ ಸಿದ್ಧೇಶ್ವರ ಗುಡಿಯ ಸುತ್ತ ಇಂದಿಗೂ ನಿಂತಿರುವ ನೀರನ್ನು ನೋಡುತ್ತ ಬೆಳೆದವರು ನಾವು. ಕೆರೆಯ ಅಗೆತ ಸಾಮಾನ್ಯವಾಗಿ ಬೇಸಿಗೆಯ ಕೆಲಸ. ನೀರು ಇಳಿದು ತಳ ಕಾಣುವುದು ಆಗಲೇ, ಹೊಲದ ಕೆಲಸವಿಲ್ಲದೆ ಆಳು ಸಿಗುವುದೂ ಆಗಲೇ. ಆದ್ದರಿಂದ ಊರಿಗೆ ವರ್ಷವಿಡೀ ತಂಪು ಕೊಡುವ ಕೆರೆಯನ್ನು ಕೆಲವರು ವರ್ಷದ ಅತಿ ಕಡುಬಿಸಿಲಿನಲ್ಲಿ ನಿಂತು ಅಗೆಯಬೇಕಾಗುತ್ತದೆ. ಉಳಿದವರು ಕುಡಿಯುವ ತಂಪಿನಲ್ಲಿ ಅವರ ಪಾಲಿನ ಉರಿ ಸೇರಿದೆ.

‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮನು ಸೊನ್ನಲಿಗೆಗೆ ಬರುವ ಪ್ರಸಂಗ ಈ ಕೆರೆಯ ದಂಡೆಯಲ್ಲಿಯೇ ನಡೆಯುತ್ತದೆ. ಅವನು ಸಿದ್ಧರಾಮನನ್ನು ‘ಒಡ್ಡರಾಮ’ ಎನ್ನುವ ಮಾತಿನಿಂದ ಕೆಣಕುತ್ತಾನೆ. ಅಗೆಯುತ್ತಿದ್ದವರು ಸಿಟ್ಟಿಗೆದ್ದು ಅವನ ಮೇಲೆ ಕಲ್ಲೆಸೆಯುತ್ತಾರೆ. ಕೆರೆ, ಗುಡಿಗಳ ನಿರ್ಮಾಣದಲ್ಲಿ ಮುಳುಗಿದವನನ್ನು ಒಳಗಿನ ಅರಿವಿನ ಕಡೆಗೆ ತಿರುಗಿಸುವುದು ಅಲ್ಲಮನ ಉದ್ದೇಶ ಎಂದು ವಿದ್ವಾಂಸರು ವಿವರಿಸುತ್ತಾರೆ. ಅದು ಸರಿ. ಆದರೆ ನನ್ನ ಗಮನ ಕಲ್ಲು ಎತ್ತಿದ ಕೈಗಳ ಮೇಲೆ ನಿಲ್ಲುತ್ತದೆ. ನಾನು ಓದಿದ ಮಟ್ಟಿಗೆ, ಹಳೆಯ ಕನ್ನಡ ಸಾಹಿತ್ಯದಲ್ಲಿ ಮಣ್ಣು ಅಗೆಯುವವರ ಒಂದು ಗುಂಪು ಹೀಗೆ ಕಥೆಯ ನಡುವೆ ಬಂದು, ತಮ್ಮ ದುಡಿಮೆಯ ಹೆಸರು ಬೈಗುಳವಾದಾಗ ಎದುರು ನಿಂತ ಸಂದರ್ಭ ಬಹಳ ವಿರಳ. ಕಥೆ ಅವರನ್ನು ಅರಿಯದವರು ಎಂದು ಬದಿಗೆ ಸರಿಸಿ ಗುರುಗಳ ಸಂವಾದಕ್ಕೆ ಮುಂದುವರಿಯುತ್ತದೆ. ಬೆನ್ನ ಮೇಲೆ ಬಿಸಿಲು ಹೊತ್ತ ಆ ಜನರಿಗೆ ಅಂದು ಯಾರು ನೀರು ಕೊಟ್ಟರು ಎಂಬುದನ್ನು ಯಾರೂ ಬರೆದಿಲ್ಲ. ಮುಂದೆ ಭೋವಿ ಸಮಾಜವು ಸಿದ್ಧರಾಮನನ್ನೇ ತನ್ನ ಗುರುವಾಗಿ ಸ್ವೀಕರಿಸಿತು. ಬೈಗುಳವಾಗಿ ಬಂದ ಮಾತನ್ನು ಆ ಜನ ಗೌರವವಾಗಿ ಮರಳಿ ಪಡೆದರು. ಇದು ಯಾವ ವ್ಯಾಖ್ಯಾನಕ್ಕಿಂತಲೂ ದೊಡ್ಡ ವ್ಯಾಖ್ಯಾನ.

ನಮ್ಮ ಸೊಲ್ಲಾಪುರದವರೇ ಆದ, ೧೯೭೪ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ ಆ ಪೀಠವೇರಿದ ಮೊದಲ ಮಹಿಳೆಯೆನಿಸಿದ ಜಯದೇವಿತಾಯಿ ಲಿಗಾಡೆ ಅವರು ಸಿದ್ಧರಾಮನ ಪುರಾಣವನ್ನು ಬರೆಯುವಾಗ ತ್ರಿಪದಿಯನ್ನು ಆರಿಸಿಕೊಂಡರು. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಛಂದಸ್ಸು ಅದು. ಕೆರೆ ಅಗೆದವನ ಕಥೆಯನ್ನು ಹೇಳಲು ದುಡಿಯುವವರ ಛಂದಸ್ಸೇ ತಕ್ಕದ್ದೆಂಬ ಆ ಆಯ್ಕೆಯಲ್ಲಿ ಒಂದು ವಿಮರ್ಶೆಯೇ ಅಡಗಿದೆ.

ತ್ರಿಪದಿಯ ಮಾತು ಬಂದದ್ದರಿಂದ ಜನಪದರ ಕಡೆಗೆ ಹೊರಳೋಣ. ಭೀಮಾ ನದಿಯ ಎರಡು ದಂಡೆಗಳಲ್ಲಿಯೂ ತಿಳಿದಿರುವ ಒಂದು ತ್ರಿಪದಿ ಇದೆ. ಬೇಸಿಗೆಯ ದಿನಕ್ಕೆ ಬೇವಿನ ನೆರಳು, ಭೀಮರತಿಯ ನೀರು, ತವರಿನಲ್ಲಿ ಹೆತ್ತ ತಾಯಿ, ಹೀಗೆ ಮೂರು ತಂಪುಗಳನ್ನು ಅದು ಒಂದೊಂದಾಗಿ ಎಣಿಸುತ್ತದೆ. ಎಷ್ಟು ಸಲ ಹಾಡಿದ್ದೇವೆ, ಆದರೆ ಅದರ ಲೆಕ್ಕವನ್ನು ನಾವು ಸರಿಯಾಗಿ ಗಮನಿಸಿಲ್ಲ. ಬಿಸಿಲನ್ನು ಕುರಿತ ಹಾಡಿನಲ್ಲಿ ಸೂರ್ಯನ ಪ್ರತಾಪದ ವರ್ಣನೆಯಿಲ್ಲ. ತಂಪು ಎಲ್ಲೆಲ್ಲಿ ಸಿಗುತ್ತದೆ ಎಂಬ ಪಟ್ಟಿ ಇದೆ. ನೆರಳು, ನೀರು, ಅಕ್ಕರೆಯ ಮನುಷ್ಯರು. ಬಿಸಿಲಿನಲ್ಲಿ ದುಡಿದವರಿಗೆ ಬೇಕಾದದ್ದು ಇಷ್ಟೇ, ಮತ್ತು ಇಷ್ಟೂ ಬೇಕು. ಹಾಡು ಕಟ್ಟಿದವಳು ಬಿಸಿಲನ್ನು ಮೈಯಿಂದ ಬಲ್ಲವಳು. ಅವಳಿಗೆ ಅದನ್ನು ಬಣ್ಣಿಸುವ ಅಗತ್ಯ ಬೀಳಲಿಲ್ಲ.

ಜನಪದ ಹಾಡುಗಳು ಯಾವ ಹೊತ್ತಿನಲ್ಲಿ ಹುಟ್ಟಿದವು ಎಂಬುದೂ ವಿಚಾರ ಮಾಡತಕ್ಕದ್ದು. ಬೀಸುವ ಪದಗಳು ಕೋಳಿ ಕೂಗುವ ಹೊತ್ತಿನವು. ಹಂತಿಯ ಪದಗಳು ರಾತ್ರಿಯವು. ಹಿಂಗಾರಿ ಜೋಳ ಕೊಯ್ದು ಕಣಕ್ಕೆ ಬರುವುದು ಬಿಸಿಲು ಏರುವ ಕಾಲದಲ್ಲಿ. ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸುತ್ತ ಒಕ್ಕುವ ಜನ ಬೆಳದಿಂಗಳಿನಲ್ಲಿ ಸರದಿಯಂತೆ ಹಾಡುತ್ತಿದ್ದರು. ನಿದ್ದೆ ಬಾರದಿರಲೆಂದು ಹಾಡು ಎನ್ನುವುದು ನಿಜ. ಆದರೆ ರಾತ್ರಿ ಎಚ್ಚರವಿದ್ದು ದುಡಿಯುವುದರಿಂದ ಎತ್ತಿಗೂ ಆಳಿಗೂ ಹಗಲಿನ ಉರಿ ತಪ್ಪುತ್ತಿತ್ತು ಎಂಬುದೂ ಅಷ್ಟೇ ನಿಜ. ನ್ಯಾರಿಯ ಹೊತ್ತು, ಬುತ್ತಿಯ ಹೊತ್ತು, ಇಳಿಹೊತ್ತು ಎಂದು ದಿನವನ್ನು ಉಣಿಸಿನಿಂದಲೂ ನೆರಳಿನಿಂದಲೂ ಅಳೆದ ಜನ ನಡುಹಗಲನ್ನು ಬೇವಿನ ಬುಡಕ್ಕೆ ಬಿಟ್ಟುಕೊಟ್ಟಿದ್ದರು. ಕೆಲಸದ ಹೊತ್ತನ್ನು ಬದಲಿಸುವ ಈ ಜಾಣತನವೇ ಆ ಹಾಡುಗಳ ತಾಯಿಬೇರು. ಹೊತ್ತು ದುಡಿಯುವವನ ಕೈಯಲ್ಲಿದ್ದಾಗ ಮಾತ್ರ ಇದು ಸಾಧ್ಯ ಎಂಬುದನ್ನು ಮರೆಯಬಾರದು. ಗೌಡರ ಹೊಲದ ಜೀತದಾಳಿಗೆ ಅಂದೂ ಈ ಸ್ವಾತಂತ್ರ್ಯ ಇರಲಿಲ್ಲ. ‘ಕೆರೆಗೆ ಹಾರ’ದಲ್ಲಿ ಕೆರೆ ಕಟ್ಟಿಸಿದ ಗೌಡನಿಗೂ ಬಲಿಯಾದ ಸೊಸೆ ಭಾಗೀರಥಿಗೂ ಹೆಸರಿದೆ, ಗುದ್ದಲಿ ಹಿಡಿದವರಿಗೆ ಹೆಸರಿಲ್ಲ.

ಹೆಸರಿಲ್ಲದ ಆ ಜನರನ್ನು ಕನ್ನಡ ಕಾವ್ಯದ ನಡುಮನೆಗೆ ಕರೆತಂದದ್ದು ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಅದು ಪ್ರಕಟವಾದದ್ದು ೧೯೭೫ರಲ್ಲಿ. ಅದರ ‘ನನ್ನ ಜನಗಳು’ ಕವಿತೆಯಲ್ಲಿ ಉತ್ತವರು, ಬಿತ್ತಿದವರು, ಕಲ್ಲು ಹೊತ್ತವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಅಲ್ಲಿಯೂ ಬೆವರಿದೆ, ಬಿಸಿಲಿದೆ. ಆದರೆ ಅಲ್ಲಿ ಬೆವರು ಯಾರ ಕೊರಳಿಗೂ ಆಭರಣವಾಗುವುದಿಲ್ಲ. ಬಿಸಿಲು ಜನರನ್ನು ಬೇಯಿಸುತ್ತದೆ, ಅಷ್ಟೇ. ಹೊಗಳಿಕೆಗೆ ಎಡೆಗೊಡದ ಆ ನೇರ ಎಣಿಕೆಯಿಂದಲೇ ಓದುವವನ ಎದೆ ಭಾರವಾಗುತ್ತದೆ. ನಮ್ಮ ನೆರೆಯ ಮರಾಠಿಯಲ್ಲಿ, ಅಕ್ಕಲಕೋಟೆ ತಾಲೂಕಿನ ನೆಲದಿಂದಲೇ ಬಂದ ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ ೧೯೮೪ರಲ್ಲಿ ಹಸಿವನ್ನು ಕುರಿತು ಇಂಥದೇ ಕೆಲಸ ಮಾಡಿತು. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಎರಡೂ ಕೈಗೆ ಸಿಗುವಂತಿದ್ದವು. ಆದರೂ ಸ್ಪರ್ಧೆಯ ಮೇಜಿನ ಮುಂದೆ ಕೂತಾಗ ನಮ್ಮ ಕೈ ಮುತ್ತಿನ ಕಡೆಗೇ ಹೋಯಿತು.

ಬೆವರನ್ನು ಮುತ್ತೆನ್ನುವುದರಿಂದ ಏನು ಕೆಡುತ್ತದೆ ಎಂದು ಕೆಲವರು ಕೇಳಬಹುದು. ಕವಿಗೆ ಅಷ್ಟು ಸ್ವಾತಂತ್ರ್ಯವಿಲ್ಲವೆ? ಇದೆ. ಆದರೆ ಉಪಮೆ ಸುಳ್ಳಾಗದಿರುವುದು ಆ ಸ್ವಾತಂತ್ರ್ಯದ ಮೊದಲ ಕರಾರು. ಮನುಷ್ಯನ ಮೈಯೊಳಗಿನ ಕಾವು ಸುಮಾರು ೩೭ ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಒಳಗಿನ ಕಾವನ್ನು ಹೊರಹಾಕಲು ಮೈಗೆ ಉಳಿಯುವುದು ಒಂದೇ ದಾರಿ: ಬೆವರು ಬಂದು ಆರಬೇಕು. ಮುತ್ತು ಕೂಡಿಡುವ ವಸ್ತು. ಬೆವರು ಮೈಯಿಂದ ಕಳೆದುಹೋಗುವ ನೀರು ಮತ್ತು ಉಪ್ಪು. ಕಳೆದದ್ದನ್ನು ತುಂಬದಿದ್ದರೆ ತಲೆ ಸುತ್ತುತ್ತದೆ, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಕಾವು ೪೦ ಡಿಗ್ರಿ ಮೀರಿ ಮಾತು ತೊದಲಿ ಅರಿವು ತಪ್ಪತೊಡಗಿದರೆ ಅದು ಉಷ್ಣಾಘಾತ. ತಡಮಾಡದೆ ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸದಿದ್ದರೆ ಜೀವ ಹೋಗುತ್ತದೆ. ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವರು ಬಾಯಾರಿಕೆಗೆ ಕಾಯದೆ ೧೫–೨೦ ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕೆನ್ನುವುದು ವೈದ್ಯರೂ ಕಾರ್ಮಿಕ ಸುರಕ್ಷತೆಯ ತಜ್ಞರೂ ಒಪ್ಪಿದ ಮಾತು. ಹೀಗೆ ನೋಡಿದಾಗ ಉಪ್ಪು ಬೆರೆಸಿದ ಮಜ್ಜಿಗೆಯನ್ನು ಹೊಲಕ್ಕೆ ಒಯ್ಯುತ್ತಿದ್ದ ನಮ್ಮ ಅವ್ವಂದಿರ ತಿಳಿವಳಿಕೆ ಎಷ್ಟು ಖಚಿತವಾದದ್ದು ಎಂಬುದು ಮನವರಿಕೆಯಾಗುತ್ತದೆ. ಸೊನ್ನಲಿಗೆಯ ಬಾಲಕ ಮನೆಗೆ ಓಡಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಸುಳ್ಳು ನಮ್ಮ ವೇದಿಕೆಗಳಲ್ಲಿ ಪ್ರೀತಿಯಿಂದ ಆಡುವಂಥದು: ‘ನಾವು ಬಿಸಿಲು ನಾಡಿನ ಗಟ್ಟಿ ಜನ, ಬಿಸಿಲು ನಮ್ಮನ್ನೇನು ಮಾಡೀತು?’ ಮೈ ಬಿಸಿಲಿಗೆ ಒಗ್ಗುತ್ತದೆ, ನಿಜ. ಅದಕ್ಕೆ ದುಡಿಮೆಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಒಂದೆರಡು ವಾರ ಬೇಕು. ಒಗ್ಗಿದ ಮೈಗೂ ಮಿತಿಯುಂಟು. ಈ ಹೆಮ್ಮೆಯ ಮಾತು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿ, ಕೆಲಸದ ಜಾಗಕ್ಕೆ ಹೋದಾಗ ಗುತ್ತಿಗೆದಾರನ ಬಾಯಲ್ಲಿ ಕಾರಣವಾಗುತ್ತದೆ: ಗಟ್ಟಿ ಜನಕ್ಕೆ ನೆರಳೇಕೆ, ನೀರಿನ ಗಡಿಗೆ ಏಕೆ, ನಡುಹಗಲಿನ ಬಿಡುವು ಏಕೆ? ಕವಿಯ ಹೊಗಳಿಕೆ ಮತ್ತು ಮಾಲಕನ ಉದಾಸೀನ ಒಂದೇ ಮಾತನ್ನು ಹಂಚಿಕೊಳ್ಳುವ ಸ್ಥಿತಿ ಬಂದಾಗ ಕವಿ ಎಚ್ಚರಗೊಳ್ಳಬೇಕು.

ಲೋಕ ಈ ವಿಷಯದಲ್ಲಿ ಕಣ್ಣು ತೆರೆಯುತ್ತಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೨೦೨೪ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ದುಡಿಯುವ ಜನರಲ್ಲಿ ಸುಮಾರು ೨೪೦ ಕೋಟಿ ಮಂದಿ ದುಡಿಮೆಯ ನಡುವೆ ಅತಿಯಾದ ಬಿಸಿಗೆ ಒಡ್ಡಿಕೊಳ್ಳುತ್ತಾರೆ. ಕೇರಳದಲ್ಲಿ ಕಾರ್ಮಿಕ ಇಲಾಖೆಯು ಕಡುಬೇಸಿಗೆಯಲ್ಲಿ ಮಧ್ಯಾಹ್ನ ೧೨ರಿಂದ ೩ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಆದೇಶಿಸುತ್ತ ಬಂದಿದೆ. ಕಾಸರಗೋಡಿನ ನಮ್ಮ ಕನ್ನಡ ಬಂಧುಗಳು ಅದನ್ನು ಬಲ್ಲರು. ೨೦೦೫ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ಬರೆದಿತ್ತು. ಕರ್ನಾಟಕದ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಬಂದರೆ ಸರಕಾರಿ ಕಚೇರಿಗಳು ಬೆಳಿಗ್ಗೆ ೮ಕ್ಕೆ ತೆರೆದು ಮಧ್ಯಾಹ್ನ ೧.೩೦ಕ್ಕೆ ಮುಚ್ಚುವ ರೂಢಿಯಿದೆ. ಫ್ಯಾನಿನ ಕೆಳಗಿನವರ ಹೊತ್ತು ಬದಲಾಗುವುದು ಸರಿಯೇ. ಆ ಕಚೇರಿಯ ಕಂಪೌಂಡಿನ ಗೋಡೆ ಕಟ್ಟುವ ಗೌಂಡಿಯ ಹೊತ್ತೂ ಬದಲಾಗಬೇಕಲ್ಲವೆ? ನಿಯಮ ಬರೆದ ಮಾತ್ರಕ್ಕೆ ನೆರಳು ಬೀಳುವುದಿಲ್ಲ. ಜನರ ಮನಸ್ಸಿನಲ್ಲಿ ಅದು ನ್ಯಾಯವೆಂದು ನೆಲೆಗೊಳ್ಳಬೇಕು. ಅಂಥ ಮನಸ್ಸನ್ನು ಕಟ್ಟುವುದರಲ್ಲಿ ಹಾಡಿಗೂ ಕಥೆಗೂ ಪಾಲಿದೆ ಎಂದು ನಂಬಿದ್ದರಿಂದಲೇ ನಾವು ಸಾಹಿತ್ಯ ಸಮ್ಮೇಳನಗಳನ್ನು ನಡೆಸುತ್ತೇವೆ.

ಆದ್ದರಿಂದ ಶ್ರಮವನ್ನು ಕುರಿತ ಬರಹವನ್ನು ಓದುವಾಗ ಕೆಲವು ಸರಳ ಪ್ರಶ್ನೆಗಳನ್ನು ಕೇಳುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಇದರ ಬಿಸಿಲಿಗೆ ಹೊತ್ತು ಇದೆಯೆ, ಅಂದರೆ ಬೆಳಿಗ್ಗೆಯ ಎಳೆಬಿಸಿಲಿಗೂ ಎರಡು ಗಂಟೆಯ ಝಳಕ್ಕೂ ಇಲ್ಲಿ ವ್ಯತ್ಯಾಸ ಕಾಣುತ್ತದೆಯೆ? ನೀರು ಎಲ್ಲಿದೆ, ಎಷ್ಟು ದೂರದಲ್ಲಿದೆ? ನೆರಳು ಯಾರದು? ಕೆಲಸ ನಿಲ್ಲಿಸಲು ಹೇಳುವ ಅಧಿಕಾರ ಯಾರಿಗಿದೆ? ಈ ಪ್ರಶ್ನೆಗಳು ಕಾವ್ಯಕ್ಕೆ ಹೊರಗಿನವು ಎಂದು ತೋರಬಹುದು. ನಿಜವಾಗಿ ಇವು ನೋಟದ ಪ್ರಶ್ನೆಗಳು. ಕವಿ ನಿಂತು ನೋಡಿದ್ದಾನೆಯೇ ಅಥವಾ ಕೇಳಿದ ಮಾತನ್ನೇ ಮತ್ತೆ ಆಡುತ್ತಿದ್ದಾನೆಯೇ ಎಂಬುದು ಇವುಗಳಿಂದ ಬೇಗ ತಿಳಿಯುತ್ತದೆ.

ಈಗ ಆ ಬಾಲಕಿಯ ಕವಿತೆಗೆ ಮರಳುತ್ತೇನೆ. ಏಪ್ರಿಲ್ ಚಾಟಣಿಯಲ್ಲಿ ದ್ರಾಕ್ಷಿ ಬಳ್ಳಿಯ ಟೊಂಗೆ ಎಲೆಗಳನ್ನು ಕತ್ತರಿಸಿ ಬೋಳು ಮಾಡುತ್ತಾರೆಂಬುದನ್ನು ಬಲ್ಲವರು ಬಲ್ಲರು. ಕವಿಗಳ ಕಣ್ಣಿಗೆ ಸದಾ ಹಸಿರು ಚಪ್ಪರವಾದ ತೋಟದಲ್ಲಿ, ವರ್ಷದ ಅತಿ ಸುಡುವ ದಿನಗಳಲ್ಲಿ, ನೆರಳೇ ಇರುವುದಿಲ್ಲ. ಇದ್ದ ನೆರಳನ್ನು ತನ್ನ ಕೈಯಾರೆ ಕತ್ತರಿಸುವುದೇ ಅಂದಿನ ಕೂಲಿ. ಇದನ್ನು ಬಾಲಕಿ ಬಾಯಿಬಿಟ್ಟು ಹೇಳಿರಲಿಲ್ಲ. ಬಾಟಲಿಯನ್ನು ಬಳ್ಳಿಗೆ ಕಟ್ಟದೆ ಕಲ್ಲುಕಂಬಕ್ಕೆ ಕಟ್ಟಿಸಿದ್ದಳು. ಒದ್ದೆ ಗೋಣಿಯಿಂದ ನೀರು ಆರುತ್ತ ಬಾಟಲಿಯನ್ನು ತಂಪಾಗಿಡುತ್ತದೆ. ಮೈಯ ಬೆವರು ಮಾಡುವುದೂ ಅದೇ ಕೆಲಸ. ಬಾಟಲಿಗೆ ಗೋಣಿ ಸುತ್ತಿದ ತಾಯಿಗೆ ಇದು ಗೊತ್ತಿತ್ತು, ಅದನ್ನು ಬರೆದ ಮಗಳಿಗೂ ಗೊತ್ತಿತ್ತು. ಉಳಿದ ನಾಲ್ಕು ಬೆರಳು ನೀರಿನಲ್ಲಿ ತಾಯಿಯ ಬಾಯಾರಿಕೆಯೂ, ಮನೆಗೆ ಇರುವ ದೂರವೂ, ಆ ತೋಟದಲ್ಲಿ ಕೂಲಿಯವರಿಗೆಂದು ಯಾರೂ ನೀರಿನ ಗಡಿಗೆ ಇಟ್ಟಿಲ್ಲ ಎಂಬ ಸಂಗತಿಯೂ ಒಟ್ಟಿಗೆ ಇದ್ದವು. ನಾನು ಮೇಲೆ ಕೇಳಿದ ಪ್ರಶ್ನೆಗಳಿಗೆಲ್ಲ ಆ ಪುಟ್ಟ ಕವಿತೆಯಲ್ಲಿ ಉತ್ತರವಿತ್ತು. ಕಾವ್ಯಾಂಶ ಕಡಿಮೆಯಾದದ್ದು ನಮ್ಮ ಓದಿನಲ್ಲಿ.

ಬಹುಮಾನವನ್ನು ಈಗ ತಿದ್ದಲಾಗುವುದಿಲ್ಲ. ತಿದ್ದಬಹುದಾದದ್ದು ಮುಂದಿನ ಓದನ್ನು. ಶ್ರಮಿಕರ ಮೇಲೆ ಕವಿತೆ ಬರೆಯುವ ನಮ್ಮ ಮಕ್ಕಳಿಗೆ ಇನ್ನು ಮುಂದೆ ಮುತ್ತು, ಮಾಣಿಕ್ಯ, ಭೂತಾಯಿಯ ಸಿಂಗಾರಗಳನ್ನು ಕಲಿಸುವ ಬದಲು, ಮನೆಗೆ ಮರಳಿದ ಅಪ್ಪ ಮೊದಲು ಏನು ಕೇಳುತ್ತಾನೆ, ಅವ್ವನ ಸೆರಗು ಎಲ್ಲಿ ಬಿಳಿಯ ಉಪ್ಪುಗಟ್ಟಿದೆ ಎಂಬುದನ್ನು ನೋಡಿ ಬರೆಯಿರಿ ಎಂದು ಹೇಳೋಣ. ಹಾಗೆ ಬರೆದದ್ದನ್ನು ಗುರುತಿಸುವ ಕಣ್ಣನ್ನು ಹಿರಿಯರಾದ ನಾವೂ ಬೆಳೆಸಿಕೊಳ್ಳೋಣ. ಜೊತೆಗೆ ಒಂದು ಸಣ್ಣ ಬಿನ್ನಹ. ಸಮ್ಮೇಳನದ ಚಪ್ಪರ ಹಾಕಲು ಬರುವ ಜನ ನಮ್ಮ ಊರಿನವರೇ, ಹಲವರು ನಮ್ಮ ಮಾತಿನವರೇ. ಅವರು ಕಂಬ ನೆಡುವುದು ನಾವು ನೆರಳಿನಲ್ಲಿ ಕೂತು ಕವಿಗೋಷ್ಠಿ ಕೇಳಲೆಂದು. ಅವರ ಕೆಲಸ ಬೆಳಗಿನ ತಂಪಿನಲ್ಲಿ ಮುಗಿಯುವಂತೆ ಸಮಯ ಗೊತ್ತುಮಾಡಿ, ಕೈಗೆಟಕುವಲ್ಲಿ ನೀರಿನ ಗಡಿಗೆಯನ್ನೂ ಉಪ್ಪು ಹಾಕಿದ ಮಜ್ಜಿಗೆಯನ್ನೂ ಇಡುವ ಹೊಣೆಯನ್ನು ಸಂಘದ ಕಾರ್ಯಕಾರಿ ಸಮಿತಿ ವಹಿಸಿಕೊಳ್ಳಲಿ. ಸೊನ್ನಲಿಗೆಯ ಸಿದ್ಧರಾಮನ ನೆಲದಲ್ಲಿ ನಡೆಯುವ ಸಮ್ಮೇಳನ ಅಲ್ಲಿಂದ ಆರಂಭವಾದರೆ ಅದು ನಮ್ಮ ಪರಂಪರೆಗೆ ಒಪ್ಪುತ್ತದೆ.